ಐದು ಇಂಚು ಅರವತ್ತು ಸೆಂಟ್

ಇವತ್ತು ಮಾಡಿದ ಕೆಲಸಗಳು ಇಷ್ಟು. ಕೊಟ್ಟಿಗೆ ಗುಡಿಸಿ ಹಾಲು ಕರೆದೆ. ಅಕ್ಕಿರೊಟ್ಟಿ ತಟ್ಟಿದೆ, ಎಂಟು. ಒಂದು ಸೀದುಹೋಯಿತು, ಅದನ್ನು ಯಾರಿಗೂ ತೋರಿಸದೆ ನಾನೇ ತಿಂದೆ. ಕಾಳುಮೆಣಸನ್ನು ಕಣದಲ್ಲಿ ಹರವಿ, ಕೋಳಿಗಳು ಕೆದಕದ ಹಾಗೆ ಹಳೆಯ ಸೀರೆಯೊಂದನ್ನು ಸುತ್ತ ಕಟ್ಟಿದೆ. ಎಳೆ ಹಲಸಿನಕಾಯಿಯನ್ನು ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿಟ್ಟೆ. ಗ್ಯಾಸಿಗೆ ಫೋನು ಮಾಡಿದೆ. ಕಾವಿಗೆ ಕೂತ ಕೆಂಪು ಹೇಂಟೆಕೋಳಿಯನ್ನು ಎಬ್ಬಿಸಿ ಕಾಳು ತಿನ್ನಿಸಿದೆ. ಕಡೆಗೆ, ಮಳೆ ಅಳೆಯುವ ಗಾಜಿನ ಲೋಟವನ್ನು ಹುಣಸೆಹಣ್ಣು, ಬೂದಿ, ಮೇಲೊಂದು ಚೊಂಬು ಬಿಸಿನೀರು ಹಾಕಿ ಏಳನೆಯ ಸಲ ತೊಳೆದೆ.

ಏಳನೆಯ ಸಲ ಯಾಕೆ ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಆ ಲೋಟದ ಮರ್ಯಾದೆ ಎಂಥದ್ದು ಅನ್ನುವುದನ್ನು ಹೇಳದಿದ್ದರೆ, ಅದಕ್ಕೆ ಆದ ಅವಮಾನ ನಿಮಗೆ ತಿಳಿಯುವುದಿಲ್ಲ.

ನಮ್ಮದು ಬಣಕಲ್ಲಿನಿಂದ ಮೂರು ಕಿಲೋಮೀಟರು ಮೇಲೆ, ಆರು ಎಕರೆ ಕಾಫಿ. ಅಂಗಳದ ತುದಿಯಲ್ಲಿ, ಯಾವ ಮರದ ನೆರಳೂ ಹನಿಯೂ ಬೀಳದ ಜಾಗದಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ ಒಂದು ರೈನ್ ಗೇಜ್ ಇದೆ. ಐದು ಇಂಚು ಅಗಲದ ಬಾಯಿ, ಒಳಗೊಂದು ಆಲಿಕೆ, ಕೆಳಗೆ ಡಬ್ಬಿ. ಡಬ್ಬಿಯಲ್ಲಿ ನಿಂತ ಮಳೆಯನ್ನು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಗಾಜಿನ ಲೋಟಕ್ಕೆ ಸುರಿದು ಅಳೆಯುವುದು. ಲೋಟದ ಮೇಲೆ ಗೀಟುಗಳಿರುತ್ತವೆ. ಒಂದು ಗೀಟಿಗೆ ಒಂದು ಸೆಂಟ್, ನೂರು ಸೆಂಟಿಗೆ ಒಂದು ಇಂಚು. ಲೋಟದಲ್ಲಿ ಐವತ್ತೇ ಸೆಂಟ್ ಹಿಡಿಯುವುದು. ಹೆಚ್ಚು ಬಂದರೆ ಎರಡು ಸಲ, ಮೂರು ಸಲ ಅಳೆದು ಕೂಡಿಸಬೇಕು. ಕೂಡಿಸಿದ್ದನ್ನು ಮಳೆ ಪುಸ್ತಕದಲ್ಲಿ ಬರೆಯಬೇಕು. ನಮ್ಮ ಮಾವ ಶುರುಮಾಡಿದ ಪುಸ್ತಕ ಅದು. ಅವರ ನಂತರ ನಮ್ಮ ಮನೆಯವರು ಬರೆಯುತ್ತಾ ಬಂದಿದ್ದಾರೆ.

ನನಗೂ ಈ ವಿದ್ಯೆ ಹೊಸದಲ್ಲ. ನನ್ನ ತವರು ಮಲ್ಲಂದೂರು. ಅಪ್ಪ ಅಲ್ಲಿಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು, ಅಂದರೆ ಆಳುಗಳ ಹಾಜರಿಯಿಂದ ಹಿಡಿದು ಮಳೆಯವರೆಗೆ ಎಲ್ಲವನ್ನೂ ಬರೆದಿಡುವ ಗುಮಾಸ್ತರು. ಲಂಗ ಮೊಣಕಾಲಿಗೆ ಎತ್ತಿಕಟ್ಟಿಕೊಂಡು ನಾನು ಅವರ ಹಿಂದೆ ಹೋಗುತ್ತಿದ್ದೆ. "ನಿಂತ್ಕೊಂಡು ನೋಡ್ಬೇಡ, ಬಗ್ಗಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡು. ನೀರು ನಡುವೆ ತಗ್ಗಾಗಿರ್ತದಲ್ಲ, ಆ ತಗ್ಗನ್ನ ಓದು" ಅನ್ನುತ್ತಿದ್ದರು. ನಾನು ತಗ್ಗನ್ನು ಓದುವಷ್ಟರಲ್ಲಿ ಒಂದು ಜಿಗಣೆ ನನ್ನ ಕಾಲನ್ನು ಓದಿ ಮುಗಿಸಿರುತ್ತಿತ್ತು.

ಇಷ್ಟೆಲ್ಲ ಅನುಭವವಿದ್ದರೂ ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಆ ಲೋಟ ನನ್ನ ಕೈಗೆ ಬಂದದ್ದು ಎರಡೇ ಬೆಳಿಗ್ಗೆ. ಇವರು ಜ್ವರ ಬಂದು ಏಳಲಾರದೆ ಮಲಗಿದ್ದಾಗ ನಾನು ಅಳೆದು ಹೇಳಿದೆ. "ಕಣ್ಣಿನ ಮಟ್ಟಕ್ಕೆ ಹಿಡಿದಿದ್ಯಾ?" ಅಂತ ಹಾಸಿಗೆಯಿಂದಲೇ ವಿಚಾರಣೆಯಾಯಿತು. ಜ್ವರ ಬಿಟ್ಟ ಮೇಲೆ ನೋಡುತ್ತೇನೆ, ಆ ಎರಡು ದಿನದ ಲೆಕ್ಕದ ಮುಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: "ಹೆಂಡತಿ ಓದಿದ್ದು." ಸಿಟ್ಟು ಬಂತು. ಆಮೇಲೆ ಹಿಂದಿನ ಪುಟಗಳನ್ನು ತಿರುವಿದಾಗ ಸಿಟ್ಟು ಇಳಿಯಿತು. ಒಂದು ಕಡೆ, "ಆಲಿಕೆಗೆ ಹಲಸಿನ ಎಲೆ ಅಡ್ಡ ಬಿದ್ದಿತ್ತು, ಸರಿಯಾದ ಲೆಕ್ಕವಲ್ಲ" ಎಂದಿದೆ. ಇನ್ನೊಂದು ಕಡೆ, "ಎಂಟೂವರೆಗೆ ಅಳೆದೆ, ತಡವಾಯಿತು." ನಮ್ಮವರು ಸುಳ್ಳೇ ಹೇಳುವುದಿಲ್ಲ ಅಂತ ನಾನು ಹೇಳಲಾರೆ. ಸಕ್ಕರೆ ಹಾಕಿಕೊಂಡಿಲ್ಲ ಅನ್ನುತ್ತಾರೆ, ಬಣಕಲ್ಲಿನ ಹೋಟೆಲಲ್ಲಿ ಬೋಂಡ ತಿಂದಿಲ್ಲ ಅನ್ನುತ್ತಾರೆ. ಆದರೆ ಆ ಪುಸ್ತಕದಲ್ಲಿ ಒಂದು ಸೆಂಟಿನ ಸುಳ್ಳಿಲ್ಲ.

ಈ ಮಳೆಯ ಲೆಕ್ಕ ನಮ್ಮ ಕಡೆ ಗಂಡಸರ ಮಾತುಕತೆಯ ಮುಕ್ಕಾಲು ಪಾಲು. ಮಳೆ ಬಂದ ಮರುದಿನ ಎಂಟು ದಾಟಿದರೆ ಸಾಕು, ಎಲ್ಲರ ಫೋನೂ ಹೊಡೆದುಕೊಳ್ಳುತ್ತದೆ. ಹೇಗಿದ್ದೀರಿ ಇಲ್ಲ, ಊಟವಾಯಿತಾ ಇಲ್ಲ. "ಎಷ್ಟು?" "ಎಂಬತ್ತೆರಡು." "ನಮ್ಗೆ ಅರವತ್ತೇ ಮಾರಾಯ." ಇಟ್ಟುಬಿಡುತ್ತಾರೆ. ಕಳಸದ ಆಚೆ, ಹೊರನಾಡಿನ ದಾರಿಯಲ್ಲಿ ನಮ್ಮ ಮೈದುನ ಚಂದ್ರುವಿನ ತೋಟ. ಇವರಿಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಅಣ್ಣತಮ್ಮಂದಿರು ಮಳೆ ಇರಲಿ ಬಿಡಲಿ ದಿನಾ ಸಂಜೆ ಫೋನು ಮಾಡುತ್ತಾರೆ. ಇವರು ಮಾತಾಡುವುದು ಸ್ಪೀಕರ್ ಹಾಕಿಯೇ. ಮಳೆ ಇಲ್ಲದ ದಿನ "ಮೋಡ ಇದ್ಯಾ?" "ಇಲ್ಲ ಅಣ್ಣಯ್ಯ." ಅಷ್ಟೇ. ಇಪ್ಪತ್ತು ವರ್ಷದಿಂದ ಹೀಗೆ. ಅಷ್ಟು ಫೋನುಗಳಲ್ಲಿ ಒಬ್ಬರು ಇನ್ನೊಬ್ಬರ ಮೈಯ ವಿಚಾರ ಕೇಳಿದ್ದನ್ನು ನಾನು ಕಾಣೆ.

ಹೆಂಗಸರಾದ ನಾವು ಹಾಗಲ್ಲ ನೋಡಿ. ನಮ್ಮ ಮಹಿಳಾ ಸಂಘದ ಸಭೆಗೆ ಹತ್ತು ಜನ ಸೇರಿದರೆ, ಟೀ ಬರುವಷ್ಟರಲ್ಲಿ ಯಾರ ಗರ್ಭಕೋಶ ತೆಗೆದರು, ಯಾರದು ಉಳಿಸಿದರು, ಯಾರಿಗೆ ಥೈರಾಯ್ಡು ಎಲ್ಲ ಗೊತ್ತಾಗಿರುತ್ತದೆ. ಒಂದು ಸಲ ನಮ್ಮ ಮನೆಯಲ್ಲಿ ಸಭೆ ನಡೆದಾಗ ಆಶಾ ಕಾರ್ಯಕರ್ತೆ ಬಂದು ಸ್ತನದಲ್ಲಿ ಗಂಟು ನೋಡಿಕೊಳ್ಳುವುದು ಹೇಗೆ ಅಂತ ಹೇಳಿಕೊಟ್ಟು ಹೋದಳು. ಆ ದಿನ ಇವರು ಅಂಗಳದಲ್ಲಿದ್ದವರು, ಒಳಗಿನ ಮಾತು ಕಿವಿಗೆ ಬಿದ್ದದ್ದೇ ಕತ್ತಿ ಹಿಡಿದು ತೋಟಕ್ಕೆ ಇಳಿದರು. ಸಂಜೆಯವರೆಗೆ ಬರಲಿಲ್ಲ.

ಹೀಗೆಲ್ಲ ಗಂಡಸರನ್ನು ಆಡಿಕೊಳ್ಳುವ ನಾನು ಮಾಡಿದ್ದೇನು, ಅದನ್ನೂ ಹೇಳಬೇಕು.

ಅಡುಗೆಮನೆಯ ಗೋಡೆಯಲ್ಲಿ ನನ್ನದೊಂದು ಕ್ಯಾಲೆಂಡರಿದೆ. ಗ್ಯಾಸು ಬಂದ ದಿನ, ಹಸು ಗಬ್ಬವಾದ ದಿನ, ಕೋಳಿಯನ್ನು ಕಾವಿಗೆ ಕೂರಿಸಿದ ದಿನ ಎಲ್ಲ ಅದರಲ್ಲೇ. ಹೋದ ಮಳೆಗಾಲದಲ್ಲಿ ಇವರು ರಾತ್ರಿ ಎರಡೆರಡು ಸಲ ಏಳಲು ಶುರುಮಾಡಿದರು. ಎದ್ದು ಹೋಗುವುದು, ತುಂಬಾ ಹೊತ್ತು ನಿಲ್ಲುವುದು, ಬಂದು ಮಲಗುವುದು. ನನಗೆ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಎದ್ದು, ಎಷ್ಟು ಸಲವೋ ಅಷ್ಟು ಚುಕ್ಕಿಯನ್ನು ಕ್ಯಾಲೆಂಡರಿನ ಆ ದಿನದ ಮೂಲೆಯಲ್ಲಿ ಇಡುತ್ತಿದ್ದೆ. ಯಾಕೆ ಇಡುತ್ತಿದ್ದೆ? ಬರೆದಿಡುವವರ ಮಗಳು, ಬರೆದಿಡುವವರ ಹೆಂಡತಿ, ಮತ್ತೇನು ಮಾಡಿಯೇನು. ಆದರೆ ಒಂದು ದಿನವೂ "ರೀ, ಯಾಕೆ ಇಷ್ಟು ಸಲ ಏಳ್ತೀರಿ?" ಅಂತ ಕೇಳಲಿಲ್ಲ. ಕೇಳಿದರೆ ಎಲ್ಲಿ ನೊಂದುಕೊಳ್ಳುತ್ತಾರೋ ಅಂತ. ಏಳು ತಿಂಗಳು ಚುಕ್ಕಿ ಇಟ್ಟೆ.

ಈ ನಡುವೆ ಅವರಲ್ಲಿ ಸಣ್ಣಸಣ್ಣ ಬದಲಾವಣೆಗಳು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ಮೂಡಿಗೆರೆಯ ಮದುವೆ ಮನೆಗೆ ಹೋದರೆ ಮೊದಲು ಪಾಯಖಾನೆ ಎಲ್ಲಿ ಅಂತ ನೋಡಿಕೊಂಡು, ಆಮೇಲೆ ಹೆಣ್ಣುಗಂಡನ್ನು ನೋಡುವುದು. ವರ್ಷಕ್ಕೊಮ್ಮೆ ಹೊರನಾಡಿನ ದೇವಸ್ಥಾನಕ್ಕೆ ಹೋಗಿ ಬರುವುದು ರೂಢಿ. ಈ ಸಲ, "ನೀನು ಹೋಗಿ ಬಾ, ನಂಗೆ ಪಿಕ್ಕಿಂಗ್ ಇದೆ" ಅಂದರು. ಕಾಫಿ ಹಣ್ಣು ಕುಯ್ಯುವ ಕೆಲಸ ಶುರುವಾಗುವುದಕ್ಕೇ ಇನ್ನೂ ಹದಿನೈದು ದಿನ ಇತ್ತು.

ಜನವರಿಯ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ ಕ್ಯಾಲೆಂಡರ್ ನೋಡಿದ ಇವರು ಖುಷಿಯಿಂದ ಹೇಳಿದರು:

"ಅಡ್ಡಿಲ್ಲ ಕಣೇ, ಕೋಳಿ ಚೆನ್ನಾಗಿ ಇಡ್ತಾವೆ. ನಿನ್ನೆ ಐದು ಮೊಟ್ಟೆನಾ?"

"ಅದು ಮೊಟ್ಟೆ ಅಲ್ಲ."

"ಮತ್ತೆಂತ?"

"ನೀವು."

ಅವರಿಗೆ ಅರ್ಥವಾಗಲಿಲ್ಲ. ಹೇಳಿದೆ. ಲೋಟ ಕೆಳಗಿಟ್ಟರು. ನಾನು ಬೈಗುಳಕ್ಕೆ ಸಿದ್ಧಳಾಗಿ ಒಲೆಯ ಕಡೆ ತಿರುಗಿದೆ. ಬೈಯಲಿಲ್ಲ. ಮೊಳೆಗೆ ಹಾಕಿಟ್ಟಿದ್ದ ಹಳೆಯ ವರ್ಷದ ಕ್ಯಾಲೆಂಡರನ್ನೂ ಇಳಿಸಿಕೊಂಡು, ಕನ್ನಡಕ ಹಾಕಿ, ಜೂನಿನಿಂದ ಒಂದೊಂದೇ ಹಾಳೆ ತಿರುವಿ ನೋಡಿದರು. ಎರಡು, ಎರಡು, ಮೂರು. ದಸರೆ ಹೊತ್ತಿಗೆ ಮೂರು, ನಾಲ್ಕು. ಆಮೇಲೆ ನಾಲ್ಕು, ಐದು.

"ಏರ್ತಾನೇ ಬಂದಿದೆಯಲ್ಲ" ಅಂದರು, ಯಾರದೋ ತೋಟದ ಮಳೆಯ ಬಗ್ಗೆ ಹೇಳುವ ಹಾಗೆ. ಕನ್ನಡಕ ತೆಗೆದು, "ಸೋಮವಾರ ಚಿಕ್ಕಮಗಳೂರಿಗೆ ಹೋಗಾನ" ಅಂದರು.

ಬಾಯಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ. ಕಾಗದದ ಮೇಲಿತ್ತು ನೋಡಿ, ನಂಬಿದರು.

ಚಿಕ್ಕಮಗಳೂರಿನಲ್ಲಿ ಮೈಯ ಈ ಭಾಗಕ್ಕೆಂದೇ ಓದಿದ ಡಾಕ್ಟರೊಬ್ಬರಿದ್ದಾರೆ, ಬಯಲುಸೀಮೆ ಕಡೆಯ ಹುಡುಗ. ಕೇಳಿದರು, "ರಾತ್ರಿ ಎಷ್ಟು ಸಲ ಏಳ್ತೀರಿ ಯಜಮಾನ್ರೇ?"

"ಹಿಂಗೇ, ಒಂದೆರಡು ಸಲ."

ನಾನು ಅವರ ಚಪ್ಪಲಿಯನ್ನು ನನ್ನ ಚಪ್ಪಲಿಯಿಂದ ಒತ್ತಿದೆ. ಇವರು ಚಪ್ಪಲಿ ಹಿಂದಕ್ಕೆ ಎಳೆದುಕೊಂಡರು.

"ಮನೇಲಿ ಯಾರಿಗಾದ್ರೂ ಪ್ರಾಸ್ಟೇಟ್ ತೊಂದರೆ, ಕ್ಯಾನ್ಸರ್, ಏನಾದ್ರೂ?"

"ಇಲ್ಲ ಇಲ್ಲ."

"ಇತ್ತು" ಅಂದೆ ನಾನು. "ಮಾವನಿಗಿತ್ತು."

ಇವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಆ ಮಾತನ್ನು ಇಪ್ಪತ್ತೆರಡು ವರ್ಷದಿಂದ ಯಾರೂ ಆಡಿರಲಿಲ್ಲ. ಮಾವನಿಗೆ ಸೊಂಟ ನೋವು ಅಂತ ಶುರುವಾದದ್ದು. ಎಣ್ಣೆ ಕಾಯಿಸಿ ತಿಕ್ಕಿದೆವು, ಸೊಪ್ಪು ಕಟ್ಟಿದೆವು. ಕಡೆಗೆ ಮಂಗಳೂರಿಗೆ ಕರೆದುಕೊಂಡು ಹೋದವರು ಇವರೇ. ಅದು ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿ ಮೂಳೆಗೆ ಹೋಗಿದೆ, ತುಂಬಾ ತಡವಾಗಿದೆ ಅಂದರಂತೆ. ಆಗ ಚಂದ್ರು ಕುಶಾಲನಗರದಲ್ಲಿ ಕೆಲಸಕ್ಕಿದ್ದ. ಅವನ ಮದುವೆ ನಿಶ್ಚಯವಾಗಿತ್ತು. ಹೆಣ್ಣಿನ ಕಡೆಯವರಿಗೆ ಈ ಹೆಸರು ಕೇಳಿದರೆ ಏನಾಗುತ್ತದೋ ಅಂತ ಹೆದರಿ, ಅತ್ತೆಯೂ ಇವರೂ ಸೇರಿ, ಸೊಂಟ ನೋವು ಅಂತಲೇ ಎಲ್ಲರಿಗೂ ಹೇಳಿದರು. ಚಂದ್ರುವಿಗೂ ಹಾಗೇ. ಮದುವೆ ಆಯಿತು, ಮಾವ ಹೋದರು, ಅತ್ತೆಯೂ ಹೋದರು. ಸುಳ್ಳು ಮಾತ್ರ ಮನೆಯಲ್ಲೇ ಉಳಿಯಿತು.

ಡಾಕ್ಟರು ಗದರಿಸಲಿಲ್ಲ. "ನೋಡಿ ಯಜಮಾನ್ರೇ, ಮೂತ್ರಕೋಶದ ಕೆಳಗಿರೋ ಈ ಗ್ರಂಥಿ ಹಣ್ಣಡಿಕೆಯಷ್ಟು ಇರತ್ತೆ. ಐವತ್ತು ದಾಟಿದ ಮೇಲೆ ತುಂಬಾ ಗಂಡಸರಿಗೆ ದಪ್ಪ ಆಗತ್ತೆ. ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬೇರೆ, ಅದು ಶುರುವಿನಲ್ಲಿ ಏನೂ ತೊಂದರೆ ಕೊಡದೇ ಸುಮ್ಮನೇ ಇರಬಹುದು. ತಂದೆಗೆ ಇದ್ದದ್ದರಿಂದ ನಾವು ನೋಡಿಕೊಳ್ಳೋದು ಒಳ್ಳೇದು" ಅಂತ ಹೇಳಿ ರಕ್ತ ಪರೀಕ್ಷೆಗೆ ಬರೆದರು. ಪಿಎಸ್‌ಎ ಅಂತ ಅದರ ಹೆಸರು. ಆಮೇಲೆ ಇವರನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಬೆರಳಿನಿಂದ ಪರೀಕ್ಷೆ ಮಾಡಿದರು. ಒಂದು ನಿಮಿಷವೂ ಆಗಲಿಲ್ಲ. ಹೊರಗೆ ಬಂದ ಇವರ ಮುಖ, ಕೆಸರುಗದ್ದೆಯಲ್ಲಿ ಚಪ್ಪಲಿ ಕಳೆದುಕೊಂಡವರ ಹಾಗಿತ್ತು.

ಹೊರಡುವಾಗ ಒಂದು ಹಾಳೆ ಕೊಟ್ಟರು. ಮೂರು ದಿನ, ಪ್ರತಿ ಸಲ ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಹೋಯಿತು ಅಂತ ಅಳೆದು ಬರೆಯಬೇಕು. ಅಳೆಯಲು ಪ್ಲಾಸ್ಟಿಕ್ ಲೋಟ ಔಷಧದಂಗಡಿಯಲ್ಲಿ ಸಿಗುತ್ತದೆ ಅಂದರು. ಅಂಗಡಿಗೆ ಹೋಗಿ ಕೇಳುವುದಕ್ಕೆ ಇವರಿಗೆ ನಾಚಿಕೆ. "ಅಲ್ಲಿ ಆ ಹೆಣ್ಣುಮಗಳು ನಿಂತಿದಾಳೆ. ಬೇಡ, ಮನೇಲಿ ಎಂತಾದ್ರೂ ಇರ್ತದೆ" ಅಂದರು. ನಾನು ಹಳೆಯ ಹಾರ್ಲಿಕ್ಸ್ ಬಾಟಲಿಯೋ ಏನೋ ಅಂದುಕೊಂಡು ಸುಮ್ಮನಾದೆ.

ಮನೆಯಲ್ಲಿ ಏನಿತ್ತು ಅನ್ನುವುದು ನಿಮಗೆ ಈಗಾಗಲೇ ಗೊತ್ತಾಗಿದೆ. ನನಗೆ ಗೊತ್ತಾದದ್ದು ಮೂರನೆಯ ದಿನ, ಬಚ್ಚಲಿನ ಗೂಡಿನಲ್ಲಿ ಸೋಪಿನ ಪಕ್ಕ ಅದನ್ನು ಕಂಡಾಗ.

"ರೀ, ಇದೇನಿದು! ನಿಮ್ಮ ಅಪ್ಪನ ಕಾಲದ ಲೋಟ!"

"ಮಳೆ ಎಲ್ಲುಂಟು ಈಗ? ಸುಮ್ನೇ ಕೂತಿತ್ತು. ಇದರಷ್ಟು ಸರಿಯಾದ ಅಳತೆ ಅಂಗಡೀದು ಕೊಡ್ತದಾ?"

"ಯಾರಾದ್ರೂ ನೋಡಿದ್ರೆ?"

"ನೋಡಿದ್ರೆ ಎಂತ, ತೊಳೀತೀನಲ್ಲ ಮಾರಾಯ್ತಿ."

ಡಾಕ್ಟರು ಕೊಟ್ಟ ಹಾಳೆಯನ್ನು ಇವರು ಮುಟ್ಟಿರಲಿಲ್ಲ. ಮಳೆ ಪುಸ್ತಕದ ಹಿಂದಿನ ಖಾಲಿ ಪುಟದಲ್ಲಿ ಗೀಟು ಎಳೆದು ಬರೆದಿದ್ದರು. ಮುಂದಿನ ಸಲ ಹೋದಾಗ ಡಾಕ್ಟರ ಮೇಜಿನ ಮೇಲೆ ಆ ಪುಸ್ತಕವನ್ನೇ ಇಟ್ಟರು. ಡಾಕ್ಟರು ಒಂದು ಸಲ ಪುಟ ನೋಡಿದರು, ಒಂದು ಸಲ ಇವರ ಮುಖ ನೋಡಿದರು.

"ಇದೇನಿದು? ಮೂವತ್ತೊಂದು ಸೆಂಟ್, ಇಪ್ಪತ್ತೆಂಟು ಸೆಂಟ್... ಇಲ್ಲಿ ದಿನದ ಒಟ್ಟು ಐದು ಇಂಚು ಅರವತ್ತು ಸೆಂಟ್ ಅಂತಿದೆ. ಇಂಚಲ್ಲಿ ಹೆಂಗೆ ಅಳೆದ್ರಿ ಯಜಮಾನ್ರೇ?"

"ರೈನ್ ಗೇಜಿನ ಗ್ಲಾಸಲ್ಲಿ. ಗೇಜಿನ ಬಾಯಿ ಐದು ಇಂಚಿನದು ಡಾಕ್ಟ್ರೇ, ನೀವು ಲೆಕ್ಕ ಹಾಕ್ಕೋಬಹುದು."

ಡಾಕ್ಟರು ಕುರ್ಚಿಗೆ ಒರಗಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇವರು ನಗಲಿಲ್ಲ. ನಗುವಂಥದ್ದು ಏನಿದೆ ಅನ್ನುವ ಹಾಗೆ ಕಾಗದ ಪೆನ್ನು ತೆಗೆದುಕೊಂಡು, ಒಂದು ಸೆಂಟಿಗೆ ಮೂರು ಮಿಲಿ ಚಿಲ್ಲರೆ ಬೀಳುತ್ತದೆ ಅಂತ ತಾವೇ ಲೆಕ್ಕ ಬಿಡಿಸಿ ತೋರಿಸಿದರು. ಐದು ಇಂಚು ಅರವತ್ತು ಸೆಂಟ್ ಅಂದರೆ ಒಂದೂ ಮುಕ್ಕಾಲು ಲೀಟರಿನ ಮೇಲೆ ಸ್ವಲ್ಪ. "ಜುಲೈನಲ್ಲಿ ನಮಗೆ ದಿನಕ್ಕೆ ಇಷ್ಟು ಬರ್ತದೆ" ಅಂತ ಸೇರಿಸಿದರು.

ಆದರೆ ನಗು ನಿಂತ ಮೇಲೆ ಡಾಕ್ಟರು ಆ ಪುಟವನ್ನು ಮತ್ತೆ ನಿಧಾನವಾಗಿ ಓದಿದರು. ರಾತ್ರಿಯ ಲೆಕ್ಕ ಅಲ್ಲಿತ್ತು. ಮೊದಲ ರಾತ್ರಿ ಐದು ಸಲ. ಎರಡನೆಯದು ನಾಲ್ಕು. ಮೂರನೆಯದು ಐದು. ಪಕ್ಕದಲ್ಲಿ ಷರಾ: "ತುಂಬಾ ಹೊತ್ತು ನಿಲ್ಲಬೇಕಾಯಿತು." "ಸಣ್ಣ ಧಾರೆ." "ಸಂಜೆ ಎರಡು ಲೋಟ ಕಾಫಿ ಕುಡಿದಿದ್ದೆ." ಬಾಯಲ್ಲಿ ಒಂದೆರಡು ಸಲ ಅಂದಿದ್ದ ಮನುಷ್ಯ, ಆ ಪುಸ್ತಕದಲ್ಲಿ ಮಾತ್ರ ಸುಳ್ಳು ಬರೆಯಲಾರದೆ ಹೋಗಿದ್ದರು.

"ಇಷ್ಟು ಚೊಕ್ಕವಾಗಿ ಇಲ್ಲಿವರೆಗೆ ಯಾರೂ ಬರ್ಕೊಂಡು ಬಂದಿಲ್ಲ" ಅಂದರು ಡಾಕ್ಟರು. ಇವರ ಬೆನ್ನು ಸ್ವಲ್ಪ ನೆಟ್ಟಗಾಯಿತು. ಅಷ್ಟರಲ್ಲಿ ಡಾಕ್ಟರು ರಕ್ತದ ವರದಿ ತೆಗೆದರು. ಅದರ ಅಂಕಿ ಇರಬೇಕಾದದ್ದಕ್ಕಿಂತ ಮೇಲಿತ್ತು. ಮೇಲಿದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ, ಬೇರೆ ಕಾರಣಕ್ಕೂ ಏರುತ್ತದೆ, ಆದರೆ ಸ್ಕ್ಯಾನ್ ಮಾಡಿ ನೋಡಬೇಕು ಅಂದರು. ಸ್ಕ್ಯಾನ್ ಆಯಿತು. ಅದರಲ್ಲಿ ಒಂದು ಕಡೆ ಅನುಮಾನ ಬಂತು. ಸೂಜಿಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಎರಡು ದಿನ ಇವರು ಸ್ವಲ್ಪ ಕಾಲು ಅಗಲಿಸಿ ನಡೆದರು, ಆಮೇಲೆ ಸರಿಹೋಯಿತು.

ವರದಿ ಬರುವುದಕ್ಕೆ ಕಾದ ಆ ಹತ್ತು ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ನಾನು ಉಪ್ಪಿಲ್ಲದ ಸಾರು ಮಾಡಿದೆ, ಇವರು ಏನೂ ಹೇಳದೆ ಉಂಡರು. ಒಂಬತ್ತನೆಯ ದಿನ ಮಧ್ಯಾಹ್ನ ಗುಡುಗಿ ಹೂಮಳೆ ಬಂತು, ಕಾಫಿಗಿಡ ಹೂಬಿಡಲು ಕಾಯುವ ಮೊದಲ ಮಳೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಇವರು ಆ ಲೋಟವನ್ನು ಸೋಪು ಹಾಕಿ ಮೂರು ಸಲ ತೊಳೆದು ಅಳೆದರು. ಒಂದು ಇಂಚು ಹನ್ನೆರಡು ಸೆಂಟ್. ಎಲ್ಲರ ಫೋನೂ ಬಂತು. ಎಲ್ಲರಿಗೂ ಹೇಳಿದರು. ಬಯಾಪ್ಸಿ ವಿಚಾರ ಒಬ್ಬರಿಗೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ಲೋಟದ ಗುಟ್ಟನ್ನಂತೂ ಬಿಟ್ಟುಕೊಡುವ ಹಾಗೇ ಇರಲಿಲ್ಲ. ಆವತ್ತಿನಿಂದ ನಾನೂ ಆಗಾಗ ತೊಳೆಯುತ್ತಾ ಇದ್ದೇನೆ. ಅದು ಶುದ್ಧವಾಗಿದೆ ಅಂತ ನನ್ನ ಬುದ್ಧಿಗೆ ಗೊತ್ತು, ಕೈಗೆ ಇನ್ನೂ ಗೊತ್ತಾಗಿಲ್ಲ.

ವರದಿ ಬಂದ ದಿನ ಡಾಕ್ಟರು ಅದನ್ನು ಓದಿ ನೇರವಾಗಿ ಹೇಳಿದರು. "ಇದೆ. ಆದ್ರೆ ಸಣ್ಣದು. ಗ್ರಂಥಿಯ ಒಳಗೇ ಇದೆ, ಹೊರಗೆ ಹೋಗಿಲ್ಲ. ನಿಧಾನವಾಗಿ ಬೆಳೆಯೋ ಜಾತಿ. ನಿಮಗೆ ಸದ್ಯಕ್ಕೆ ಆಪರೇಷನ್ ಬೇಡ. ನಾನು ಹೇಳಿದಾಗೆಲ್ಲ ಬಂದು ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸ್ಕೊಂಡು ಹೋಗಿ. ಬೆಳೆಯೋ ಲಕ್ಷಣ ಕಂಡ್ರೆ ಚಿಕಿತ್ಸೆ ಮಾಡೋಣ, ಒಳ್ಳೇ ಚಿಕಿತ್ಸೆ ಇದೆ."

"ಅದಕ್ಕೇ ರಾತ್ರಿ ಏಳ್ತಿದ್ನಾ?"

"ಅಲ್ಲ. ಅದು ಗ್ರಂಥಿ ದಪ್ಪ ಆಗಿದ್ದಕ್ಕೆ. ಅದಕ್ಕೆ ಮಾತ್ರೆ ಕೊಡ್ತೀನಿ, ಸಂಜೆ ಕಾಫಿ ಬಿಡಿ. ನೀವು ಎದ್ದಿದ್ದಕ್ಕೆ ಬಂದ್ರಿ, ಬಂದಿದ್ದಕ್ಕೆ ಇದು ಸಿಕ್ತು. ತೊಂದರೆ ಕೊಡೋವರೆಗೆ ಕಾದಿದ್ರೆ..." ಅವರು ಮುಗಿಸಲಿಲ್ಲ. ಇವರಿಗೆ ಮುಗಿಸಿ ಹೇಳಬೇಕಾಗಿರಲಿಲ್ಲ, ಮಂಗಳೂರಿನ ಆಸ್ಪತ್ರೆಯನ್ನು ನೋಡಿ ಬಂದವರು. "ತಂದೆಗಿತ್ತು, ಈಗ ನಿಮಗೂ. ನಿಮಗೆ ಅಣ್ಣತಮ್ಮ ಇದ್ದಾರಾ?"

"ಒಬ್ಬ ತಮ್ಮ ಇದಾನೆ. ಐವತ್ತೆರಡು ಅವನಿಗೆ."

"ಅವ್ರಿಗೆ ಹೇಳಿ. ಏನೂ ತೊಂದರೆ ಇಲ್ದಿದ್ರೂ ಒಂದು ಸಲ ಡಾಕ್ಟ್ರ ಹತ್ರ ಹೋಗ್ಲಿ. ಮರೀಬೇಡಿ."

ಮರೆಯಲಿಲ್ಲ. ಹೇಳಲೂ ಇಲ್ಲ. ಬಸ್ಸಿನಲ್ಲಿ ಬರುವಾಗಲೇ ನನಗೆ ಗೊತ್ತಾಯಿತು, ಇವರಿಗೆ ತನ್ನ ಕಾಯಿಲೆಗಿಂತ ಇದು ಭಾರವಾಗಿದೆ ಅಂತ. ಚಂದ್ರುವಿಗೆ ಹೇಳುವುದೆಂದರೆ ಎರಡು ಹೇಳಬೇಕು. ತನ್ನದು ಒಂದು. ಅಪ್ಪನಿಗಿದ್ದದ್ದು ಸೊಂಟ ನೋವಲ್ಲ, ಇಪ್ಪತ್ತೆರಡು ವರ್ಷ ನಾನು ನಿನಗೆ ಸುಳ್ಳು ಹೇಳಿದೆ ಅನ್ನುವುದು ಇನ್ನೊಂದು. ಹೇಳದಿದ್ದರೆ ಅವನೂ ಅಪ್ಪನ ಹಾಗೆ ಸೊಂಟಕ್ಕೆ ಎಣ್ಣೆ ತಿಕ್ಕಿಕೊಂಡು ಕೂತಾನು.

ಐದು ಸಂಜೆ ಫೋನು ಮಾಡಿದರು. "ಮೋಡ ಇದ್ಯಾ?" "ಸ್ವಲ್ಪ ಇದೆ ಅಣ್ಣಯ್ಯ." ಇಟ್ಟರು. "ಹೂವು ಹೆಂಗಿದೆ?" "ಚೆನ್ನಾಗಿ ಬಂದಿದೆ." ಇಟ್ಟರು. ಒಂದು ಸಂಜೆ "ನೀನು ಹುಷಾರಿದೀಯಾ?" ಅಂತ ಕೇಳಿಯೂ ಬಿಟ್ಟರು. ಆ ಕಡೆಯಿಂದ ಚಂದ್ರು ಗಾಬರಿಯಾಗಿ, "ಯಾಕೆ ಅಣ್ಣಯ್ಯ, ಎಂತಾಯ್ತು?" ಅಂದ. "ಏನಿಲ್ಲ ಬಿಡು" ಅಂತ ಇಟ್ಟರು. ನಾನು ಬೇರೆಯವರ ಮನೆಯ ವಿಚಾರದ ಹಾಗೆ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಾ ಇದ್ದೆ.

ಇವತ್ತು ಸಂಜೆ ಹಾಗೆ ಇರಲಾಗಲಿಲ್ಲ. ಮೆಣಸು ಗುಡ್ಡೆ ಮಾಡಿ, ಕೈ ತೊಳೆದು, ಜಗಲಿಗೆ ಹೋಗಿ ಇವರ ಪಕ್ಕದಲ್ಲೇ ಕೂತೆ. "ಇವತ್ತು ನೀವು ಹೇಳದಿದ್ರೆ ಫೋನು ನನ್ನ ಕೈಗೆ ಕೊಡಿ. ನಾನು ಹೇಳ್ತೀನಿ" ಅಂದೆ.

"ನೀನು ಹೇಳೋದು ಬೇಡ. ಅದು ನಾನು ಹೇಳ್ಬೇಕಾದ್ದು."

ಫೋನು ಹಚ್ಚಿದರು. ಮೋಡದ ವಿಚಾರವಾಯಿತು. ಇವರು ಗಂಟಲು ಸರಿಮಾಡಿಕೊಂಡರು. ಎರಡು ಸಲ.

"ಚಂದ್ರು. ಒಂದು ವಿಚಾರ. ನಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಆಗಿದೆ. ಸಣ್ಣದು. ಹೆದ್ರಬೇಡ, ಏನೂ ಆಗಲ್ಲ ಅಂದಿದಾರೆ. ಆದ್ರೆ ನೀನೂ ತೋರಿಸ್ಕೋಬೇಕು. ಯಾಕೆ ಅಂದ್ರೆ, ಅಪ್ಪಂಗೆ ಇದ್ದಿದ್ದು ಸೊಂಟ ನೋವಲ್ಲ."

ಲೈನು ಹೋಯಿತೇನೋ ಅಂತ ನಾನು ಬಗ್ಗಿ ಫೋನು ನೋಡಿದೆ. ಆಮೇಲೆ ಚಂದ್ರುವಿನ ದನಿ ಬಂತು.

"ನಂಗೆ ಗೊತ್ತಿತ್ತು ಅಣ್ಣಯ್ಯ."

"ಎಂತ ಗೊತ್ತಿತ್ತು?"

"ಅಪ್ಪಂದು. ಅಮ್ಮ ಹೋಗೋಕೆ ಮುಂಚೆ ನನ್ನ ಹತ್ರ ಹೇಳಿದ್ರು. ಅಣ್ಣಯ್ಯನ್ನ ನೀನು ಕೇಳ್ಬೇಡ, ಪಾಪ ಅವನು ನಿನ್ನ ಮದುವೆಗೋಸ್ಕರ ಮುಚ್ಚಿಟ್ಟಿದ್ದು, ನೊಂದ್ಕೋತಾನೆ ಅಂದ್ರು. ಅದಕ್ಕೇ ಕೇಳ್ಲಿಲ್ಲ. ನಾನು ಎರಡು ವರ್ಷದಿಂದ ಆ ರಕ್ತ ಪರೀಕ್ಷೆ ಮಾಡಿಸ್ತಿದೀನಿ. ಡಾಕ್ಟ್ರು ಸರಿಯಾಗಿದೆ ಅಂದಿದಾರೆ" ಅಂದ.

ಇವರು ಜಗಲಿಯಿಂದ ಎದ್ದೇ ನಿಂತರು. "ಎರಡು ವರ್ಷದಿಂದಾನಾ? ಮತ್ತೆ ನಂಗೆ ಒಂದು ಮಾತು ಹೇಳಾಕೆ ಎಂತ ಆಗಿತ್ತು ನಿಂಗೆ ಮಾರಾಯ! ದಿನಾ ಫೋನು ಮಾಡ್ತೀಯಲ್ಲ!"

"ನೀವು ದೊಡ್ಡೋರು. ನಿಮ್ಮ ಹತ್ರ ಅದನ್ನೆಲ್ಲ ಹೆಂಗೆ ಹೇಳೋದು?"

"ಬಾಯಲ್ಲಿ ಹೇಳೋದು!"

"ನೀವು ಹೇಳಿದ್ರಾ?"

ಇವರು ಮತ್ತೆ ಕೂತರು. ಫೋನಿನೊಳಗೆ ಮೂಗು ಎಳೆದುಕೊಂಡ ಸದ್ದು ಕೇಳಿತು. ನನ್ನ ಪಕ್ಕದಲ್ಲೂ ಅಂಥದ್ದೇ ಒಂದು ಸದ್ದು. ಇಬ್ಬರೂ ಹೇಳಬೇಕಾದ್ದನ್ನು, ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದು ಅಂತಲೇ ಬಚ್ಚಿಟ್ಟುಕೊಂಡು, ಇಷ್ಟು ವರ್ಷ ಮೋಡ ನೋಡುತ್ತಾ ಕೂತಿದ್ದರು. ಪಕ್ಕದಲ್ಲೇ ಚುಕ್ಕಿ ಇಟ್ಟುಕೊಂಡು ಕೂತಿದ್ದ ನಾನು ಯಾರನ್ನು ಬೈಯಲಿ?

"ಭಾನುವಾರ ಬರ್ತೀನಿ" ಅಂದ ಚಂದ್ರು. "ಮುಂದಿನ ಸಲ ಡಾಕ್ಟ್ರ ಹತ್ರ ಹೋಗೋವಾಗ ನಾನೂ ಬರ್ತೀನಿ. ಒಟ್ಟಿಗೇ ಹೋಗಾನ. ಅತ್ತಿಗೆ ಇದಾರಾ ಅಲ್ಲಿ? ಅತ್ತಿಗೇ, ಅಣ್ಣಯ್ಯ ಎಲ್ಲಾ ಹೇಳಿದ್ರಾ, ಇನ್ನೂ ಎಂತಾದ್ರೂ ಇಟ್ಕೊಂಡಿದಾರಾ?"

"ಬೋಂಡ ತಿನ್ನೋದು ಒಂದು ಇದೆ" ಅಂದೆ. ಚಂದ್ರು ನಕ್ಕ. ಇವರು ಫೋನು ಕಸಿದುಕೊಂಡರು.

ರಾತ್ರಿ ಊಟಕ್ಕೆ ಎಳೆ ಹಲಸಿನಕಾಯಿಯ ಪಲ್ಯ, ಹುರುಳಿಕಾಳಿನ ಸಾರು, ಅನ್ನ, ಮಜ್ಜಿಗೆ. ಪಲ್ಯಕ್ಕೆ ತೆಂಗಿನಕಾಯಿ ಸ್ವಲ್ಪ ಹೆಚ್ಚಾಗಿತ್ತು, ಇವರು ಎರಡು ಸಲ ಹಾಕಿಸಿಕೊಂಡರು. ಉಣ್ಣುತ್ತಾ ಮಾವನ ಕತೆ ಶುರುಮಾಡಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಕಡೆಯ ದಿನಗಳಲ್ಲಿ ಮಾವ ಹುರಿದ ಬಂಗುಡೆ ಮೀನು ಬೇಕೆಂದು ಹಟ ಹಿಡಿದರಂತೆ. ನರ್ಸಮ್ಮನ ಕಣ್ಣು ತಪ್ಪಿಸಿ ಇವರು ಟವೆಲಿನಲ್ಲಿ ಸುತ್ತಿಕೊಂಡು ತರಲು ಹೊರಟರಂತೆ. ಈ ಕತೆಯನ್ನು ಇಷ್ಟು ವರ್ಷದಲ್ಲಿ ನನಗೂ ಹೇಳಿರಲಿಲ್ಲ. ಹಾಸಿಗೆಗೆ ಹೋದ ಮೇಲೂ ಹೇಳುತ್ತಲೇ ಇದ್ದರು, ಬಂದರಿನ ಹತ್ತಿರದ ಹೋಟೆಲು, ಅಲ್ಲಿಯ ಜನಜಂಗುಳಿ, ಟವೆಲಿನಿಂದ ಸೋರುವ ಎಣ್ಣೆ. ಕತೆ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಇವರ ಮಾತು ನಿಧಾನವಾಯಿತು, ಎರಡನೆಯ ಮಹಡಿಗೆ ಬರುವಷ್ಟರಲ್ಲಿ ನಿದ್ದೆ ಹೋದರು. ಮಾವನಿಗೆ ಮೀನು ಸಿಕ್ಕಿತೋ ಇಲ್ಲವೋ, ಬೆಳಿಗ್ಗೆ ಎದ್ದ ಮೇಲೆ ಕೇಳಬೇಕು.